ಪೌತಿ ಖಾತೆ

ಬಡ್ತಿಯ ಅರ್ಜಿ, ಹನ್ನೆರಡನೇ ಪುಟ.
ಪ್ರಕಟವಾದ ಪ್ರಬಂಧಗಳು: ಹನ್ನೊಂದು.
ಇತರರು ಉಲ್ಲೇಖಿಸಿದ್ದು ಎಷ್ಟು ಸಲ?
ಚಿಕ್ಕಬಳ್ಳಾಪುರದ ಕಾಲೇಜು, ಪ್ರಾಣಿಶಾಸ್ತ್ರದ ಕೋಣೆ,
ಸುತ್ತಿಗೊಂದು ಸಲ ಕೆಮ್ಮುವ ಫ್ಯಾನು.
ನನ್ನ ಹೆಸರು ಹೊಡೆದು ಹುಡುಕಿದೆ. ಹತ್ತೊಂಬತ್ತು.

ಅಷ್ಟೇನಾ.

ಉಳಿದವು ಸಿಕ್ಕಿದ್ದು ಊಟದ ಡಬ್ಬಿ ತೊಳೆದು ಬಂದ ಮೇಲೆ,
ಇನ್ನೊಬ್ಬ ವಿಜ್ಞಾನಿಯ ಖಾತೆಯಲ್ಲಿ:
ಪಿಳ್ಳಪ್ಪ, ಜಿ. ಎಂ. ಕ್ಷೇತ್ರ, ಜೀವಕೋಶ ವಿಜ್ಞಾನ.
ಪ್ರಬಂಧ ನಾಲ್ಕು. ಉಲ್ಲೇಖ ಇಪ್ಪತ್ತೆರಡು.

ಹೊರದೇಶದ ಪತ್ರಿಕೆ ಪೂರ್ತಿ ಹೆಸರು ಕೇಳಿತ್ತು.
ಇನಿಷಿಯಲ್ಲು ಬಿಡಿಸಿ ಬರೆದಿದ್ದೆ,
ಗಂಗರತ್ನ ಮಳ್ಳೂರು ಪಿಳ್ಳಪ್ಪ.
ಕೊನೆಯದೇ ಮನೆತನ ಅಂದುಕೊಂಡರು.
ನಾನು ಬರೀ 'ಜಿ' ಆದೆ, ಊರು 'ಎಂ' ಆಯಿತು,
ಹೆಬ್ಬೆಟ್ಟಿನ ಅಪ್ಪ
ಮೊದಲ ಲೇಖಕನಾದ.
ಅಚ್ಚಾಗಿ ಬಂದಾಗ ತೋರಿಸಿ ನಕ್ಕಿದ್ದೆ.
ಆ ಸಾಲಿನ ಮೇಲೆ ಬೆರಳಾಡಿಸಿ, ಇರಲಿ ಬಿಡು, ಅಂದಿದ್ದ.
ಬಿಟ್ಟೆ. ಅಲ್ಲಿ ಅವನು ಬೇರೆ ಆಳಾಗಿ
ಬಾಳುತ್ತಿದ್ದಾನೆಂದು ಗೊತ್ತಿರಲಿಲ್ಲ.

ತೀರಾ ಸುಳ್ಳೂ ಅಲ್ಲ ಅದು.
ಆ ನಾಲ್ಕು ಪ್ರಬಂಧಕ್ಕೆ ಸತ್ತ ಹುಳಗಳೆಲ್ಲ ಅಪ್ಪನ ತಟ್ಟೆಯವು.
ನಾಲ್ಕನೇ ಜ್ವರದಿಂದ ಎದ್ದವು ಬೇಕು ಅಂದರೆ
ಬೆಳಗಿನ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟು ಕಳಿಸುತ್ತಿದ್ದ,
ಮೇಲೆ ಸೊಪ್ಪು ಹೊದಿಸಿ,
ಅರವತ್ತು ಕೇಳಿದರೆ ಅರವತ್ತೈದು.
"ಕುಯ್ಯೋಕೇ ಅಂತ ಗೊತ್ತು ಕಣಮ್ಮ. ಹಸ್ಕೊಂಡಿರಬಾರ್ದು."

ಕುಯ್ದು ನೋಡಿದ್ದು ಇಷ್ಟು:
ನೂಲಿನ ಗ್ರಂಥಿಯಲ್ಲಿ ಕೋಶ ಒಂದು ಎರಡಾಗುವುದಿಲ್ಲ,
ಮೊಟ್ಟೆಯಲ್ಲಿ ಎಷ್ಟೋ ಕಡೆತನಕ ಅಷ್ಟೇ.
ಇರುವುದೇ ಹಿಗ್ಗುತ್ತದೆ, ಒಳಗೆ ಕೋಶಕೇಂದ್ರ
ಜಾಲಿಗಿಡದ ಹಾಗೆ ಕವಲು ಕವಲು.
ಗೂಡು ಮುಗಿದ ಮೇಲೆ
ತನ್ನನ್ನೇ ತಾನು ತಿನ್ನಲು ತೊಡಗುತ್ತದೆ.
ಎಷ್ಟನೇ ಗಂಟೆಗೆ, ಅನ್ನುವುದು ನನ್ನ ಶೋಧ.

ಜಪಾನಿನವರೊಬ್ಬರು ಬರೆದಿದ್ದಾರೆ:
"ಪಿಳ್ಳಪ್ಪ ಮತ್ತು ಇತರರು ಹೇಳಿರುವುದು ನಮಗೆ ಕಂಡುಬಂದಿಲ್ಲ."
ಇದೂ ಒಂದು ಉಲ್ಲೇಖ. ಬೈದದ್ದೂ ಲೆಕ್ಕಕ್ಕುಂಟು.
ಅಪ್ಪನಾದರೆ ಕೇಳುತ್ತಿದ್ದ,
"ಅವ್ರು ಯಾವ ಸೊಪ್ಪು ಹಾಕವ್ರಂತೆ?"
ನಾನೂ ಕೇಳಬಹುದಿತ್ತು. ಕೇಳಲಿಲ್ಲ.

ಪರದೆಯ ಮೇಲೆ ಪ್ರಶ್ನೆ:
ಈ ಇಬ್ಬರು ಲೇಖಕರು ಒಬ್ಬರೇ ಏನು?
ಮರಣಪತ್ರ, ವಂಶವೃಕ್ಷ, ನೂರು ರೂಪಾಯಿ ಛಾಪಾ ಕಾಗದ,
ಶಿಡ್ಲಘಟ್ಟದ ತಾಲ್ಲೂಕು ಕಚೇರಿಗೆ ಹದಿನಾಲ್ಕು ತಿಂಗಳು
ಅಲೆದಿದ್ದೆ ಅಪ್ಪನ ಹೊಲದ ಪೌತಿಗೆ.
ಇಲ್ಲಿ ಒಂದು ಬೆರಳು ಸಾಕು.
ಒತ್ತಿದೆ.

ನಲವತ್ತೊಂದು.
ಗುಂಟೆಯ ಲೆಕ್ಕಕ್ಕೆ ಎಕರೆಯ ಮೇಲೊಂದು.

ಮೂರನೇ ದಿನ ಸಮಿತಿಯ ಗುಮಾಸ್ತ ಬ್ಯಾಟಪ್ಪನವರ ಫೋನು.
"ಮೇಡಂ, ಆರು ಹೊಡೆದಾಕಿದೀವಿ.
ತಮ್ಮನ್ನ ತಾವೇ ಉಲ್ಲೇಖ ಮಾಡ್ಕೊಂಡಿದ್ದು ನಡಿಯಲ್ಲ."
ನಿಜ. ಆಮೇಲಿನ ಪ್ರಬಂಧಗಳಲ್ಲಿ
ಮಾತಿಗೆ ಆಧಾರ ಬೇಕಾದಾಗ
ಕಂಸದೊಳಗೆ ಬರೆದಿದ್ದೆ, ಆರು ಕಡೆ,
ಪಿಳ್ಳಪ್ಪ, ೨೦೦೯.
ಬೆರಳೊತ್ತುವ ತನಕ
ಅಷ್ಟೂ ಅವನ ಹೆಸರಿಗೇ ಇತ್ತು.

ಮೂವತ್ತೈದು ಎಂದು ತಿದ್ದಿ ಸಹಿ ಹಾಕಿದೆ.
ಪಹಣಿಯಾಗಿದ್ದರೆ ಪಕ್ಕದ ಕಾಲಮ್ಮಿನಲ್ಲಿ ಬರೆಯುತ್ತಿದ್ದರು,
ಖರಾಬು, ಆರು ಗುಂಟೆ.
ನಮ್ಮ ಹೊಲದಲ್ಲಿ ಆ ಖರಾಬಿನಲ್ಲೇ ಇರುವುದು
ಬಂಡೆ, ಗೊಡ್ಡು ಹುಣಸೆಮರ,
ಅಪ್ಪ ಚಂದ್ರಿಕೆಗಳನ್ನು
ಬಿಸಿಲಿಗೆ ಒರಗಿಸುತ್ತಿದ್ದ ಜಾಗ.